ನೆಲ ಓಡುವ ಆಟ

ಪರೀಕ್ಷೆಗೆಂದು ಕಳುಹಿಸಿದ್ದ ನಮ್ಮ ಎರಡನೆಯ ವಿಡಿಯೋ ಆಟದ ಬಗ್ಗೆ ಉತ್ತರಗಳು ಬರತೊಡಗಿದ್ದು ದೀಪಾವಳಿ ಕಳೆದ ವಾರದಲ್ಲಿ. ಮಣಿಪಾಲದಲ್ಲಿ ಮೂರನೆಯ ಮಹಡಿಯಲ್ಲಿದ್ದ ನಮ್ಮ ಕೋಣೆಯ ಕಿಟಕಿಯಿಂದ ಬೆಳಗಿನ ಹೊತ್ತು ಸಮುದ್ರ ಕಾಣುವುದಿಲ್ಲ. ಸಮುದ್ರ ಇರಬೇಕಾದಲ್ಲಿ ಒಂದು ಬಿಳಿ ಮಬ್ಬು ಮಾತ್ರ ನಿಂತಿರುತ್ತದೆ. ಆ ಮಬ್ಬಿಗೆ ಬೆನ್ನು ಹಾಕಿ ಕುಳಿತು ನಾನು ಒಂದೊಂದೇ ಪತ್ರವನ್ನು ಓದಿದೆ. ಎಲ್ಲರೂ ನಮ್ಮ ಮೊದಲನೆಯ ಆಟವನ್ನು ಆಡಿ ಮುಗಿಸಿದವರು, ಎರಡನೆಯದಕ್ಕಾಗಿ ಕಾದವರು. ಚಿತ್ರಗಳನ್ನು ಹೊಗಳದವರು ಒಬ್ಬರೂ ಇರಲಿಲ್ಲ. ಮೂರನೆಯ ಹಂತವನ್ನು ದಾಟಿದವರೂ ಒಬ್ಬರಿರಲಿಲ್ಲ. ಕಷ್ಟವಾಯಿತೆಂದು ಯಾರೂ ದೂರಲಿಲ್ಲ. ಸುಮ್ಮನೆ ಕೆಳಗಿಟ್ಟಿದ್ದರು. ಒಬ್ಬರು ಬರೆದ ಸಾಲು ಇವತ್ತಿಗೂ ನೆನಪಿದೆ: ‘ಬಹಳ ಚೆನ್ನಾಗಿದೆ. ಯಾಕೋ ಗೊತ್ತಿಲ್ಲ, ಇದನ್ನು ನಿಲ್ಲಿಸಿ ಮತ್ತೆ ಹಳೆಯದನ್ನೇ ಆಡುತ್ತ ಕುಳಿತೆ.’

ಹಳೆಯದು ತೀರ ಸಣ್ಣ ಆಟ. ಕಡಲ ದಂಡೆಯಲ್ಲೊಂದು ದೀಪಸ್ತಂಭ, ಅದರ ಬುಡದಲ್ಲಿ ಒಬ್ಬ ಹುಡುಗಿ. ಎಡಗೈಯಲ್ಲಿ ಹಣತೆ, ಬಲಗೈಯಲ್ಲಿ ದೋಣಿಯ ಹುಟ್ಟು. ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತ, ಅಡ್ಡ ಬರುವ ಏಡಿಗಳನ್ನೂ ಬಾವಲಿಗಳನ್ನೂ ಹುಟ್ಟಿನಿಂದ ಬಡಿದು ಸರಿಸುತ್ತ, ದೀಪ ಆರದಂತೆ ಅವಳು ತುದಿಗೆ ಹತ್ತಬೇಕು. ಬಿದ್ದರೆ ದೀಪ ಆರುತ್ತದೆ, ಸ್ತಂಭದೊಳಗೆ ಅವಳು ಬಿದ್ದ ಕೋಣೆಯ ಬಾಗಿಲಿನಿಂದ ಮತ್ತೆ ಶುರು. ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ವಿಡಿಯೋ ಗೇಮುಗಳ ಹಾಗೆ ಎಲ್ಲವೂ ಚೌಕ ಚೌಕ, ನಾಲ್ಕೇ ಬಣ್ಣ. ಒಂದು ಸ್ಕ್ರೀನಿಗೆ ಒಂದು ಕೋಣೆ. ಅವಳು ಬಲಗಡೆಯ ಬಾಗಿಲು ದಾಟಿದರೆ ಆ ಕೋಣೆ ಮಾಯವಾಗಿ ಇನ್ನೊಂದು ಬಂದು ನಿಲ್ಲುತ್ತಿತ್ತು. ಹಾಗೆ ಮಾಡಬೇಕೆಂದು ಮಾಡಿದ್ದಲ್ಲ. ಆಗ ನನಗೆ ಬೇರೆ ರೀತಿ ಮಾಡಲು ಬರುತ್ತಿರಲಿಲ್ಲ. ಆಡಿದವರು ಆ ಹುಡುಗಿಯನ್ನು ದೀಪದವಳು ಎಂದು ಕರೆದರು. ನಾವೂ ಹಾಗೆಯೇ ಕರೆಯತೊಡಗಿದೆವು.

ಎರಡನೆಯ ಆಟದಲ್ಲಿ ದೀಪದವಳು ಹೊರಗೆ ಬಂದಿದ್ದಳು. ಕಾಪುವಿನ ಮರಳಿನಿಂದ ಹೊರಟು ಕಾರ್ಕಳದ ಬಂಡೆಗುಡ್ಡದ ನೆತ್ತಿಗೆ ದೀಪವನ್ನು ಮುಟ್ಟಿಸಬೇಕು. ಈ ಸಲ ಕೋಣೆಗಳಿರಲಿಲ್ಲ. ಮರಳು, ತೆಂಗು, ಗದ್ದೆ, ಗೋಡೆಯಂತೆ ನಿಂತ ಕೆಂಪು ಮಣ್ಣಿನ ದರೆ, ಕರಿ ಬಂಡೆ ಎಲ್ಲವೂ ಒಂದೇ ಉದ್ದ ಚಿತ್ರದಲ್ಲಿ ಹರಿದು ಬರುತ್ತಿದ್ದವು. ನನ್ನ ಜೊತೆಗಾತಿ ಎರಡು ವರ್ಷ ಕೂತು ಬರೆದ ಚಿತ್ರ ಅದು. ನಾನು ಪ್ರೋಗ್ರಾಮು ಬರೆಯುವವನು, ಅವಳು ಚಿತ್ರ ಬರೆಯುವವಳು. ನನ್ನ ಮನೆಮಾತು ಕೊಂಕಣಿ, ಅವಳದು ತುಳು, ನಮ್ಮಿಬ್ಬರ ಕೆಲಸದ ಮಾತು ಕನ್ನಡ. ಆ ಉದ್ದ ಚಿತ್ರದ ಮೇಲೆ ದೀಪದವಳ ಹಿಂದೆ ತೇಲುತ್ತ ಹೋಗುವ ಕ್ಯಾಮೆರಾವನ್ನು ನಾನು ಬರೆದಿದ್ದೆ. ಅವಳು ಮುಖ ಮಾಡಿದ ದಿಕ್ಕಿಗೆ ಎರಡು ಚೌಕ ಮುಂದೆ ನೋಡುತ್ತ, ಒಮ್ಮೆಯೂ ಕುಲುಕದೆ, ನಿಂತ ನೀರಿನಲ್ಲಿ ದೋಣಿ ಜಾರಿದ ಹಾಗೆ ಅದು ಹೋಗುತ್ತಿತ್ತು. ನಾನು ಬರೆದ ಪ್ರೋಗ್ರಾಮಿನಲ್ಲೆಲ್ಲ ನನಗೆ ಅತಿ ಹೆಮ್ಮೆಯ ಭಾಗ ಅದೇ.

ಹೊರದೇಶದ ಒಂದು ಸಂಸ್ಥೆ ಆಟವನ್ನು ಪ್ರಕಟಿಸಲು ಅರ್ಧ ಒಪ್ಪಿತ್ತು. ಮಾರ್ಚಿನಲ್ಲಿ ಅವರು ಪೂರ್ತಿ ಆಡಿ ನೋಡಿ ಕೊನೆಯ ಮಾತು ಹೇಳುವವರಿದ್ದರು. ಬೇಡವೆಂದರೆ ಕೋಣೆಯ ಬೀಗದ ಕೈ ಹಿಂದಿರುಗಿಸಿ ನಾವಿಬ್ಬರೂ ಬೇರೆ ಬೇರೆ ಕಡೆ ಕೆಲಸ ಹುಡುಕುವುದೆಂದು ಮೊದಲೇ ಮಾತಾಡಿಕೊಂಡಿದ್ದೆವು.

ನಾನು ಎರಡು ಆಟಗಳನ್ನು ಎರಡು ಸ್ಕ್ರೀನಿನಲ್ಲಿ ಪಕ್ಕಪಕ್ಕ ಇಟ್ಟುಕೊಂಡೆ. ಒಂದು ಸೆಕೆಂಡಿಗೆ ಅರವತ್ತು ಚಿತ್ರಗಳು ಓಡುತ್ತವೆ. ಅವನ್ನು ಫ್ರೇಮು ಎನ್ನುತ್ತೇವೆ. ಗುಂಡಿ ಒತ್ತಿದ ಫ್ರೇಮಿನಿಂದ ದೀಪದವಳ ಕಾಲು ನೆಲ ಬಿಡುವ ಫ್ರೇಮಿನವರೆಗೆ ಎಣಿಸಿದೆ. ಹಳೆಯದರಲ್ಲಿ ಎರಡು. ಹೊಸದರಲ್ಲಿ ಐದು. ಸಿಕ್ಕಿತು ಎಂದುಕೊಂಡೆ.

ಹೊಸ ಆಟದಲ್ಲಿ ಜಿಗಿಯುವ ಮೊದಲು ಅವಳು ಮಂಡಿ ಮಡಚಿ ಕುಗ್ಗುತ್ತಿದ್ದಳು. ಜೊತೆಗಾತಿ ಇಷ್ಟಪಟ್ಟು ಬರೆದ ಮೂರು ಫ್ರೇಮುಗಳು ಅವು.

“ಅದನ್ನು ತೆಗೆಯಬೇಕಾಗ್ತದೆ,” ಎಂದೆ.

“ಮನುಷ್ಯರು ಕುಗ್ಗದೆ ಜಿಗಿಯುತ್ತಾರಾ?” ಎಂದು ಕೇಳಿದಳು. ಆಮೇಲೆ ತಾನೇ, “ಆಯ್ತು, ತೆಗಿ. ಆಟವನ್ನೇ ಬಿಟ್ಟುಹಾಕಿದರೆ ಕುಗ್ಗಿ ಎಂತ ಪ್ರಯೋಜನ?” ಎಂದಳು.

ತೆಗೆದು ಕಳುಹಿಸಿದೆವು. ಮತ್ತೆ ಅದೇ ಉತ್ತರ. ಚೆನ್ನಾಗಿದೆ, ಆದರೆ.

ಎರಡೂ ಆಟಗಳ ಜಿಗಿತದ ಲೆಕ್ಕವನ್ನು ಹೊರತೆಗೆದು ಗ್ರಾಫ್ ಹಾಳೆಯ ಮೇಲೆ ಬಿಡಿಸಿದೆ. ಮೂರು ಚೌಕದಷ್ಟು ಎತ್ತರ, ಐದು ಚೌಕದಷ್ಟು ದೂರ. ಒಂದು ಕಮಾನು ಇನ್ನೊಂದರ ಮೇಲೆ ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತು. ಕಟ್ಟೆಯ ಅಂಚು ದಾಟಿದ ಮೇಲೂ ಆರು ಫ್ರೇಮುಗಳ ತನಕ ಜಿಗಿಯಲು ಬಿಡುವ ಒಂದು ಗುಟ್ಟಿನ ದಯೆ ಹಳೆಯ ಆಟದಲ್ಲಿತ್ತು. ಹೊಸದರಲ್ಲೂ ಇತ್ತು, ಅದೇ ಆರು. ಏಡಿಯ ವೇಗ, ಹುಟ್ಟಿನ ಉದ್ದ, ಬಿದ್ದು ಮತ್ತೆ ಏಳುವ ಹೊತ್ತು, ಯಾವುದನ್ನು ಅಳೆದರೂ ಎರಡನೆಯದು ಮೊದಲನೆಯದರ ಹಾಗೆಯೇ ಇತ್ತು. ಆಡಿದರೆ ಮಾತ್ರ ಅದಾಗಿರಲಿಲ್ಲ. ಆಡುತ್ತಿದ್ದಂತೆ ನನ್ನ ಬೆರಳುಗಳೇ ನನ್ನವಲ್ಲ ಎನಿಸುತ್ತಿತ್ತು.

ಡಿಸೆಂಬರಿನಲ್ಲಿ ಶಬ್ದದ ಮೇಲೆ ಅನುಮಾನ ಬಂತು. ನಮಗೆ ಸಂಗೀತ ಮಾಡಿಕೊಡುವವರು ಕಾರ್ಕಳದಲ್ಲಿದ್ದರು. ಶಾಲೆಯಲ್ಲಿ ಮೇಷ್ಟ್ರಾಗಿದ್ದು ಬಿಡುವಿನಲ್ಲಿ ಈ ಕೆಲಸ ಮಾಡುವವರು. ಹೊಸ ಆಟದಲ್ಲಿ ಕಾಲು ನೆಲ ಮುಟ್ಟುವ ಸದ್ದು ತಡವಾಗಿ ಬರುತ್ತಿದೆಯೇನೋ ಎಂದೆ. ಅವರು ನನ್ನನ್ನು ಬಂಡೆಗುಡ್ಡಕ್ಕೆ ಕರೆದುಕೊಂಡು ಹೋದರು. ಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳ ಮೇಲೆ ನಾನು ಬರಿಗಾಲಲ್ಲಿ ಜಿಗಿಯುವುದು, ಅವರು ಮೈಕ್ ಹಿಡಿದು ಪಕ್ಕದಲ್ಲಿ ಕೂರುವುದು. ದೇವರ ದರ್ಶನಕ್ಕೆ ಬಂದವರು ನಿಂತು ನೋಡಿ ಮುಂದೆ ಹೋದರು. ಬಿಸಿಲಿಗೆ ಬಂಡೆ ಮೆಲ್ಲಗೆ ಕಾಯುತ್ತಿತ್ತು. ಎಷ್ಟೋ ವಾರಗಳಿಂದ ಚೌಕಗಳನ್ನೇ ನೋಡಿ ನೋಡಿ ನನ್ನ ಕಣ್ಣಿಗೆ ಆ ಮೆಟ್ಟಿಲುಗಳೂ ಚೌಕಗಳಾಗಿ ಕಂಡವು. ಕೆಳಗಿನ ಕೆರೆ, ಊರಿನ ಹೆಂಚುಗಳು, ದೂರದ ಘಟ್ಟದ ನೀಲಿ ಎಲ್ಲ ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ. ಒಂದು ಗಳಿಗೆ, ನಾನು ನೆಗೆದರೆ ಆ ಹೆಂಚಿನ ಮೇಲೆ ಹಗುರವಾಗಿ ಇಳಿಯುತ್ತೇನೆ ಎಂದು ನಿಜವಾಗಿ ಅನಿಸಿತು. ಹೆದರಿ ಕುಳಿತುಬಿಟ್ಟೆ.

“ತಲೆ ತಿರುಗಿತಾ?” ಎಂದು ಮೇಷ್ಟ್ರು ಕೇಳಿದರು.

“ಇಲ್ಲ. ಜಿಗಿತ ಮರೆತು ಹೋಗಿದೆ ಅನಿಸ್ತದೆ.”

ಅವರು ನಕ್ಕರು. ಹೊಸ ಸದ್ದು ಹಾಕಿದೆವು. ಸದ್ದು ಚೆನ್ನಾಗಿತ್ತು. ಆಟ ಹಾಗೆಯೇ ಇತ್ತು.

ಜನವರಿಯ ಎರಡನೆಯ ವಾರ ನಮ್ಮ ಮಹಡಿಯ ಓಣಿಯಲ್ಲಿ ಒಡೆದ ಟೈಲ್ಸ್ ಕಿತ್ತು ಹೊಸದು ಹಾಕುವ ಕೆಲಸ ನಡೆಯಿತು. ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ನಲವತ್ತರ ಆಸುಪಾಸಿನ, ಮೊಣಕೈವರೆಗೂ ಸಿಮೆಂಟಿನ ಧೂಳು ಮೆತ್ತಿದ ಒಬ್ಬರು ನಿಂತಿದ್ದರು. ಟೈಲ್ಸ್ ಹಾಕುವ ಮೇಸ್ತ್ರಿ.

“ಸರ್ರ, ಸಂಜೀತನಕಾ ಹೊರಗ ಕಾಲಿಡಬ್ಯಾಡ್ರಿ. ಈಗಷ್ಟ ಕುಂದ್ರಿಸೀನಿ, ಹಸೀ ಐತಿ. ತುಳಿದ್ರ ಎಲ್ಲಾ ಅಳ್ಳಾಡತಾವ.”

ನಾನು ಆಯಿತೆಂದೆ. ಅವರು ಹೋಗಲಿಲ್ಲ. ನನ್ನ ಹೆಗಲಿನಾಚೆ ಗೋಡೆಯ ಮೇಲಿದ್ದ ಮೊದಲನೆಯ ಆಟದ ಚಿತ್ರವನ್ನು ನೋಡುತ್ತಿದ್ದರು.

“ಈ ದೀಪಾ ಹಿಡಕೊಂಡ ಹುಡುಗೀ ಆಟ... ನಿಮ್ದೇನ್ರಿ?”

“ಹೌದು, ನಾವೇ ಮಾಡಿದ್ದು.”

ಅವರು ಕೈಯನ್ನು ಅಂಗಿಗೆ ಒರೆಸಿಕೊಂಡು ಜೇಬಿನಿಂದ ಫೋನು ತೆಗೆದರು. ಗಾಜು ಮೂಲೆಯಲ್ಲಿ ಸೀಳಿತ್ತು. ಅದರೊಳಗೆ ದೀಪದವಳಿದ್ದಳು, ದೀಪಸ್ತಂಭದ ತುದಿಯ ಕೋಣೆಯಲ್ಲಿ. ಪಕ್ಕದಲ್ಲಿದ್ದ ಗುರುತನ್ನು ನೋಡಿ ನಾನು ಜೊತೆಗಾತಿಯನ್ನು ಕರೆದೆ. ಬುಡದಿಂದ ತುದಿಯವರೆಗೆ ದೀಪ ಒಮ್ಮೆಯೂ ಆರದೆ ಮುಗಿಸಿದವರಿಗೆ ಮಾತ್ರ ಸಿಗುವ ಗುರುತು ಅದು. ಆಟ ಮಾಡಿದ ನನ್ನಿಂದ ಯಾವತ್ತೂ ಆಗದ ಕೆಲಸ.

“ಇದು ಹೇಗೆ ಮಾಡಿದಿರಿ ನೀವು?” ಎಂದು ಅವಳು ಕೇಳಿದಳು.

“ಊಟದ ಹೊತ್ತಿನ್ಯಾಗ ದಿನಾ ಒಂದೀಟ ಆಡತಿದ್ನಿರಿ ಅಕ್ಕಾರ. ಎರಡ ವರ್ಷಾತು.”

ಅವರ ಊರು ಗದಗದ ಕಡೆ. ಉಡುಪಿಗೆ ಬಂದು ಹನ್ನೆರಡು ವರ್ಷ. ಆದಿ ಉಡುಪಿಯಲ್ಲಿ ಮಾರುಕಟ್ಟೆ ಯಾರ್ಡಿನ ಹತ್ತಿರ ಬಾಡಿಗೆ ಕೋಣೆ, ಹೆಂಡತಿಗೆ ಯಾರ್ಡಿನಲ್ಲೇ ಈರುಳ್ಳಿ ಆರಿಸುವ ಕೆಲಸ. ಇಷ್ಟನ್ನು ಹೇಳಿ ಅವರು ಬಾಗಿಲಲ್ಲೇ ನಿಂತಿದ್ದರು. ಓಣಿ ಒಣಗುವ ತನಕ ಅವರಿಗೂ ಕೆಲಸವಿರಲಿಲ್ಲ. ಒಳಗೆ ಕರೆದು ಕುರ್ಚಿ ಕೊಟ್ಟು ಹೊಸ ಆಟದ ಕಂಟ್ರೋಲರನ್ನು ಕೈಗಿತ್ತೆ.

ಕಾಪುವಿನ ಮರಳು ಕಾಣಿಸಿದಾಗ ಅವರು, “ಆಹಾ!” ಎಂದರು. ಜೊತೆಗಾತಿ ಮುಗುಳ್ನಕ್ಕಳು. ದೀಪದವಳು ಓಡಿದಳು. ಮೊದಲನೆಯ ಕಟ್ಟೆಗೆ ಜಿಗಿದು ಬಿದ್ದಳು. ಎರಡನೆಯ ಸಲವೂ ಬಿದ್ದಳು. ದೀಪಸ್ತಂಭವನ್ನು ದೀಪ ಆರಿಸದೆ ಹತ್ತಿದ ಕೈಗಳು ತೆಂಗಿನ ಬೊಡ್ಡೆಯೊಂದನ್ನು ದಾಟಲಾರದೆ ತಡವರಿಸುವುದನ್ನು ನಾವಿಬ್ಬರೂ ಹಿಂದೆ ನಿಂತು ನೋಡಿದೆವು. ಸ್ವಲ್ಪ ಹೊತ್ತಿನ ಮೇಲೆ ಅವರು ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ತೆರೆದರು.

“ಭಾಳ ಚಂದ ಐತ್ರಿ. ಸುಳ್ಳ ಹೇಳಂಗಿಲ್ಲ. ಆದ್ರ...”

“ಹೇಳಿ,” ಎಂದೆ.

“ಅಲ್ಲೆ ಆಕಿ ಓಡತಿದ್ಲರಿ. ಇಲ್ಲೆ ನೆಲಾ ಓಡಾಕತ್ತೈತಿ.”

ನನಗೆ ತಟ್ಟನೆ ಅರ್ಥವಾಗಲಿಲ್ಲ. ಅವರು ಬಾಗಿಲಾಚೆಯ ಓಣಿಯನ್ನು ತೋರಿಸಿದರು. “ನಾವು ಒಂದ ಖೋಲ್ಯಾಗ ಕೆಲಸಾ ಹಿಡಿಯೂ ಮುಂದ ಮದ್ಲ ಬಾಗಲ್ದಾಗ ನಿಂತ ನೋಡ್ತೀವ್ರಿ. ಯಾವ ಮೂಲಿ ಸೀದಾ ಐತಿ, ಯಾವ್ದು ಸೊಟ್ಟ ಐತಿ, ಎಲ್ಲಿಂದ ಚಾಲೂ ಮಾಡಬೇಕು ಅಂತ. ನಿಮ್ಮ ಮದ್ಲಿನ ಆಟಾನೂ ಹಂಗ ಇತ್ತು. ನಿಂತ ನೋಡಾಕ ಬಿಡತಿತ್ತು. ಇದು ಬಿಡಂಗಿಲ್ಲ. ನಾ ನೋಡೂದ್ರಾಗ ಅದು ಸರದ ಹೋಗಿರತೈತಿ.”

ಸಂಜೆ ಅವರು ಹೋದ ಮೇಲೆ ನಾನು ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಪಾರದರ್ಶಕ ಹಾಳೆಯೊಂದನ್ನು ಸ್ಕ್ರೀನಿಗೆ ಅಂಟಿಸಿ, ಹಳೆಯ ಆಟವನ್ನು ಒಂದೊಂದೇ ಫ್ರೇಮಾಗಿ ಓಡಿಸಿ, ದೀಪದವಳ ಪಾದ ಕಂಡಲ್ಲೆಲ್ಲ ಪೆನ್ನಿನಿಂದ ಚುಕ್ಕೆ ಇಟ್ಟೆ. ಚುಕ್ಕೆಗಳು ಸೇರಿ ಅಂದವಾದ ಕಮಾನಾಯಿತು. ಇನ್ನೊಂದು ಹಾಳೆ ಅಂಟಿಸಿ ಹೊಸ ಆಟವನ್ನು ಓಡಿಸಿದೆ. ಚುಕ್ಕೆಗಳು ಸ್ವಲ್ಪ ಹಿಂದೆ ಜಾರಿದವು, ನೆಟ್ಟಗೆ ಮೇಲೇರಿದವು, ಕೊನೆಗೆ ಒಂದೇ ಕಡೆ ಗುಂಪುಗೂಡಿದವು. ಕಮಾನು ಇರಲೇ ಇಲ್ಲ. ಮಗುವೊಂದು ಗೀಚಿದ ಗೆರೆಯಿತ್ತು. ಎರಡು ತಿಂಗಳು ನಾನು ಅಳೆದದ್ದು ಪ್ರೋಗ್ರಾಮಿಗೆ ಗೊತ್ತಿದ್ದ ಜಿಗಿತವನ್ನು. ಕಣ್ಣಿಗೆ ಕಾಣುವ ಜಿಗಿತವನ್ನು ಅಳೆದೇ ಇರಲಿಲ್ಲ. ಅವಳು ಐದು ಚೌಕ ಹಾರಿದರೆ ನನ್ನ ಕ್ಯಾಮೆರಾ ಅಷ್ಟೂ ದೂರ ಅವಳ ಜೊತೆಗೇ ತೇಲಿ, ಆ ಐದನ್ನೂ ಅಳಿಸಿ ಹಾಕುತ್ತಿತ್ತು. ನನ್ನ ಹೆಮ್ಮೆಯ ಕ್ಯಾಮೆರಾ.

ಮರುದಿನ ಬೆಳಿಗ್ಗೆ ಬೇಗ ಹೋಗಿ ಕ್ಯಾಮೆರಾವನ್ನು ನಿಲ್ಲಿಸಿದೆ. ಬಹಳ ಸಣ್ಣ ಬದಲಾವಣೆ. ಉದ್ದ ಚಿತ್ರವನ್ನು ಇಪ್ಪತ್ತು ಇಪ್ಪತ್ತು ಚೌಕಕ್ಕೆ ಕತ್ತರಿಸಿ, ಒಂದೊಂದು ತುಂಡನ್ನು ಒಂದೊಂದು ಸ್ಕ್ರೀನಿನಲ್ಲಿ ಅಲುಗಾಡದಂತೆ ಇಡುವುದು. ಆಡಿ ನೋಡಿದೆ. ಮೊದಲನೆಯ ಜಿಗಿತದಲ್ಲೇ ಬೆರಳುಗಳು ನನ್ನವಾದವು. ಒಬ್ಬನೇ ಕುಳಿತು ಮೂರನೆಯ ಹಂತ ದಾಟಿದೆ, ನಾಲ್ಕನೆಯದನ್ನೂ ದಾಟಿದೆ. ಜೊತೆಗಾತಿ ಬಂದು ಹಿಂದೆ ನಿಂತದ್ದೂ ಗೊತ್ತಾಗಲಿಲ್ಲ.

ಅವಳು ಕಂಡದ್ದು ಬೇರೆ. ಒಂದು ಸ್ಕ್ರೀನಿನಲ್ಲಿ ದೋಣಿಯ ಮೂತಿ ಮಾತ್ರ, ಇನ್ನೊಂದರಲ್ಲಿ ಅದರ ಹಿಂಭಾಗ. ನಡು ಸೀಳಿದ ಗೋಳಿಮರ. ತಲೆಯಿಲ್ಲದ ಹಸು.

“ಎಂತ ಮಾರಾಯ ಇದು?”

“ಜಿಗಿತ ವಾಪಸು ಬಂದಿದೆ. ಆಡಿ ನೋಡು.”

“ಚಿತ್ರ ಎಲ್ಲಿ ಹೋಯಿತು?”

“ಇದು ಬರೀ ಪರೀಕ್ಷೆಗೆ. ಯಂತ್ರ ಕತ್ತರಿಸಿದ್ದು.”

“ಇದು ಒಂದೇ ಚಿತ್ರ. ಕಾಪುವಿನಿಂದ ಕಾರ್ಕಳದ ತನಕ ಒಂದೇ. ನೀನು ಇದನ್ನು ತುಂಡು ಮಾಡುವುದಾದರೆ ಎರಡು ವರ್ಷ ನಾನು ಯಾಕೆ ಕೂತದ್ದು ಹೇಳು?”

ಹಾಳೆಗಳ ಮೇಲಿನ ಚುಕ್ಕೆಗಳನ್ನು ತೋರಿಸಲು ಹೋದೆ. ಅವಳು ನೋಡಲಿಲ್ಲ. ಚೀಲ ತೆಗೆದುಕೊಂಡು, ಹೊಸ ಟೈಲ್ಸಿನ ಮೇಲೆ ಮೆಲ್ಲಗೆ ಹೆಜ್ಜೆಯಿಟ್ಟು ಹೊರಟುಹೋದಳು. ನಾಲ್ಕು ದಿನ ಬರಲಿಲ್ಲ. ಫೋನು ಎತ್ತಲಿಲ್ಲ.

ಐದನೆಯ ದಿನ ಬೆಳಿಗ್ಗೆ ಶಂಕರಪುರಕ್ಕೆ ಹೋದೆ. ಅವಳ ಮನೆ ಅಲ್ಲಿ. ಮನೆಯ ಸುತ್ತ ಮಲ್ಲಿಗೆ ಗಿಡಗಳು. ಬಿಸಿಲು ಏರುವ ಮೊದಲು ಮೊಗ್ಗು ಕೊಯ್ಯಬೇಕು, ಕಟ್ಟಿ ಕಳುಹಿಸಬೇಕು. ಅವಳ ಅಮ್ಮ ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಿದ್ದರು. ಕೈಯ ವೇಗ ಕಣ್ಣಿಗೆ ಹಿಡಿಯುತ್ತಿರಲಿಲ್ಲ.

“ಬನ್ನಿ, ಕುಳಿತುಕೊಳ್ಳಿ. ಅವಳು ತೋಟದಲ್ಲಿ ಇದ್ದಾಳೆ,” ಎಂದರು. “ಜಗಳ ಆದದ್ದಾ?”

“ಕೆಲಸದ ವಿಷಯ, ಅಮ್ಮ.”

“ಕೆಲಸದ್ದಾದರೆ ಮುಗಿಯುತ್ತದೆ. ಹೋಗಿ.”

ತೋಟದ ಗಾಳಿ ಮಲ್ಲಿಗೆಯ ವಾಸನೆಯಿಂದ ಭಾರವಾಗಿತ್ತು. ಮಂಜು ಇನ್ನೂ ಆರಿರಲಿಲ್ಲ. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಅವಳು ಗಿಡದಿಂದ ಗಿಡಕ್ಕೆ ಹೋಗುತ್ತಿದ್ದಳು. ನಾನೂ ಪಕ್ಕದ ಗಿಡದಲ್ಲಿ ಮೊಗ್ಗು ಕೊಯ್ಯತೊಡಗಿದೆ.

“ಅದು ಅರಳಿದ್ದು. ಅದು ಬೇಡ,” ಎಂದಳು ಕೊನೆಗೆ. ಆಮೇಲೆ ಗಿಡದ ಕಡೆಯೇ ನೋಡುತ್ತ ಹೇಳಿದಳು, “ನನ್ನ ಅಪ್ಪ ಬಸ್ಸು ಓಡಿಸ್ತಿದ್ದರು. ಕಾಪುವಿನಿಂದ ಶಿರ್ವ, ಬೆಳ್ಮಣ್ ಆಗಿ ಕಾರ್ಕಳಕ್ಕೆ. ರಜೆಯಲ್ಲಿ ನಾನು ಮುಂದಿನ ಸೀಟಿನಲ್ಲಿ ಕೂರುವುದು. ಬೆಳಿಗ್ಗೆ ಹೋಗಿ ಸಂಜೆ ಬರುವುದು. ಇಡೀ ದಿನ ಕಿಟಕಿ.”

ಅವಳ ತಂದೆ ನಾವು ಎರಡನೆಯ ಆಟಕ್ಕೆ ಕೈ ಹಚ್ಚಿದ ವರ್ಷ ತೀರಿಕೊಂಡಿದ್ದರು. ನಾನು ಅಂತ್ಯಕ್ರಿಯೆಗೆ ಬಂದಿದ್ದೆ. ಅವರು ಏನು ಕೆಲಸ ಮಾಡುತ್ತಿದ್ದರೆಂದು ಕೇಳಿಯೇ ಇರಲಿಲ್ಲ.

“ನೆಲ ಓಡಬೇಕು ಅಂತಲೇ ನಾನು ಬರೆದದ್ದು,” ಎಂದಳು. “ಆ ಮೇಸ್ತ್ರಿ ಹೇಳಿದ್ದು ಸರಿ. ಅವರು ಹೇಳುವಾಗಲೇ ನನಗೆ ಗೊತ್ತಾಯಿತು. ಬಸ್ಸಿನಲ್ಲಿ ನಾನು ಕೂತಿದ್ದೆ. ದೀಪದವಳು ಜಿಗಿಯಬೇಕು. ಕೂತವರಿಗೆ ನೆಲ ಓಡಬಹುದು, ಜಿಗಿಯುವವರಿಗೆ ಓಡಿದರೆ ಹೇಗೆ? ಸರಿ ಇದ್ದದ್ದಕ್ಕೇ ನನಗೆ ಸಿಟ್ಟು ಬಂದದ್ದು.”

“ನೀನು ಬೇಡ ಅಂದರೆ ಹಾಗೆಯೇ ಬಿಡುವ. ಮಾರ್ಚಿನಲ್ಲಿ ಅವರು ಎಂತ ಹೇಳ್ತಾರೋ ಹೇಳಲಿ.”

ನಾನು ಅದನ್ನು ಮನಸ್ಸಿನಿಂದಲೇ ಹೇಳಿದ್ದೆ. ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

“ಆಡದೆ ಕೆಳಗಿಟ್ಟ ಆಟದಲ್ಲಿ ಚಿತ್ರ ಇದ್ದು ಎಂತ ಮಾಡ್ತದೆ ಮಾರಾಯ? ಯಂತ್ರದಿಂದ ಕತ್ತರಿಸಬೇಡ. ಎಲ್ಲಿ ನಿಲ್ಲಿಸಬೇಕು ಅಂತ ನಾನು ಹೇಳ್ತೇನೆ. ನಾಳೆ ಕಾಪುವಿಗೆ ಬಾ.”

ಮರುದಿನ ಕಾಪುವಿನಲ್ಲಿ ಬಸ್ಸು ಹತ್ತಿದೆವು. ಅವಳು ಮುಂದಿನ ಕಿಟಕಿಯ ಹತ್ತಿರ, ತೊಡೆಯ ಮೇಲೆ ಚಿತ್ರದ ಪುಸ್ತಕ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ “ರೈಟ್ ಪೋಯಿ” ಎಂದಾಗ ಬಸ್ಸು ಹೊರಡುತ್ತಿತ್ತು, ಸೀಟಿ ಊದಿದಾಗ ನಿಲ್ಲುತ್ತಿತ್ತು. ನಿಂತಲ್ಲೆಲ್ಲ ಅವಳ ಪೆನ್ಸಿಲು ಓಡುತ್ತಿತ್ತು. ಬೇಲಿಯೊಂದರ ಮೇಲೆ ಒಣಗಲು ಹಾಕಿದ ಬಲೆ, ಕಿರಾಣಿ ಅಂಗಡಿಯ ಮುಂದಿನ ಬಾಳೆಗೊನೆ, ಗದ್ದೆಯ ನಡುವೆ ನಿಂತ ಒಂದೇ ಒಂದು ತೆಂಗು. ಬಸ್ಸು ಚಲಿಸತೊಡಗಿದರೆ ಪೆನ್ಸಿಲು ಎತ್ತಿ ಸುಮ್ಮನೆ ಹೊರಗೆ ನೋಡುವಳು. ಕಾರ್ಕಳ ಮುಟ್ಟಿ, ಅದೇ ಬಸ್ಸಿನಲ್ಲಿ ಹಿಂದಿರುಗಿ, ಮತ್ತೆ ಹೋದೆವು. ಕಂಡಕ್ಟರ್ ಟಿಕೆಟು ಕೊಡುವಾಗ ಮೂರನೆಯ ಸಲ, “ಎಂತ ನೀವು, ಇಳಿಯುವುದೇ ಇಲ್ವಾ?” ಎಂದು ಕೇಳಿದ.

ಆ ಮೂರನೆಯ ಸಲ ನನಗೆ ಅರೆನಿದ್ದೆ. ಎಷ್ಟೋ ತಿಂಗಳ ನಂತರ ನನ್ನ ಕೈಗೆ ಕೆಲಸವಿರಲಿಲ್ಲ. ಗದ್ದೆಯ ಬೆಳಕು ಮೊಣಕಾಲಿನ ಮೇಲೆ ಬಂದು ಹೋಗುತ್ತಿತ್ತು. ಕಣ್ಣು ತೆರೆದಾಗ ಕನಸಿನ ಗದ್ದೆ ಯಾವುದು, ಹೊರಗಿನದು ಯಾವುದು, ಅವಳು ಬರೆದದ್ದು ಯಾವುದು ಎಂದು ತಿಳಿಯದಷ್ಟು ಎಲ್ಲ ಒಂದಾಗಿ ಹರಿಯುತ್ತಿತ್ತು. ಕೂತವರಿಗೆ ನೆಲ ಓಡಬಹುದು ಎಂದು ಅವಳು ಹೇಳಿದ್ದು ಆಗ ನಿಜವಾಗಿ ಕಿವಿಗೆ ಬಿತ್ತು.

“ದೀಪದವಳು ಬಸ್ಸು ಹತ್ತಲಿ,” ಎಂದೆ.

“ಎಂತ?”

“ಬೆಳ್ಮಣಿನಲ್ಲಿ. ಅವಳು ಹತ್ತಿ ಕೂರಲಿ. ಅಲ್ಲಿಂದ ಗುಡ್ಡದ ಬುಡದ ತನಕ ಜಿಗಿಯುವುದು ಇಲ್ಲ, ಏಡಿ ಇಲ್ಲ, ಎಂತದೂ ಇಲ್ಲ. ಆ ಭಾಗದ ನಿನ್ನ ಚಿತ್ರ ಹಾಗೆಯೇ ಓಡಲಿ, ಒಂದು ಚೌಕವೂ ಕಡಿಮೆ ಮಾಡದೆ.”

ಅವಳು ಚಿತ್ರದ ಪುಸ್ತಕವನ್ನು ಮುಚ್ಚಿದಳು. “ಆಡುವವರು ಬೈಯುತ್ತಾರೆ,” ಎಂದಳು.

“ಬೈಯಲಿ.”

ಫೆಬ್ರವರಿ ಪೂರ್ತಿ ಅದರಲ್ಲೇ ಹೋಯಿತು. ಬೆಳ್ಮಣಿನವರೆಗಿನ ಚಿತ್ರದಿಂದಲೂ ಗುಡ್ಡದ ಚಿತ್ರದಿಂದಲೂ ಅವಳು ಒಂದೊಂದೇ ಸ್ಕ್ರೀನನ್ನು ಬಿಡಿಸಿ ತೆಗೆದು ಮತ್ತೆ ಬರೆದಳು. ಮರವೊಂದು ಸೀಳುವಲ್ಲಿ ಮರವನ್ನೇ ಸರಿಸಿದಳು. ಹಸುವಿಗೆ ತಲೆ ಬಂತು, ನೆರಳೂ ಬಂತು. ಹದಿನಾಲ್ಕು ಹಂತಗಳಲ್ಲಿ ಐದನ್ನು ಬಿಟ್ಟುಬಿಟ್ಟೆವು. ಕೋಣೆಯೊಳಗೆ ಕಾಲಿಟ್ಟ ಗಳಿಗೆಯಲ್ಲಿ ಯಾವ ಏಡಿಯೂ ಅಲುಗಾಡಬಾರದು, ದೀಪದವಳು ಮೊದಲ ಹೆಜ್ಜೆ ಇಡುವ ತನಕ ಎಲ್ಲವೂ ಕಾಯಬೇಕು ಎಂಬ ಒಂದು ನಿಯಮವನ್ನು ನಾನು ಸೇರಿಸಿದೆ. ಬಾಗಿಲಲ್ಲಿ ನಿಂತು ನೋಡುವವರಿಗಾಗಿ. ಹಳೆಯ ಆಟದಲ್ಲೂ ಅದು ಇರಲಿಲ್ಲ.

ಮಾರ್ಚಿನಲ್ಲಿ ಸಂಸ್ಥೆಯವರು ಆಡಿದರು. ಆಟ ಚಿಕ್ಕದಾಯಿತೆಂದರು, ಆದರೆ ಕೆಳಗಿಡಲು ಮನಸ್ಸಾಗಲಿಲ್ಲ ಎಂದರು. ಬಸ್ಸಿನ ಭಾಗ ಮಾತ್ರ ಬೇಡ, ಅಲ್ಲಿ ಆಡುವುದಕ್ಕೆ ಏನೂ ಇಲ್ಲ, ಐದು ನಿಮಿಷ ಯಾರು ಸುಮ್ಮನಿರುತ್ತಾರೆ ಎಂದರು. ನಾನು ಅಷ್ಟು ದೃಢವಾಗಿ ಯಾರೊಂದಿಗೂ ಮಾತಾಡಿದ ನೆನಪಿಲ್ಲ. ಬೇಕಾದರೆ ಇನ್ನೆರಡು ಹಂತ ತೆಗೆಯುತ್ತೇವೆ, ಅದನ್ನು ತೆಗೆಯುವುದಿಲ್ಲ ಎಂದೆ. ಎರಡು ದಿನ ಬಿಟ್ಟು ಒಪ್ಪಿಕೊಂಡರು. ಬೇಡದವರು ದಾಟಿ ಹೋಗಲು ಒಂದು ಗುಂಡಿ ಇರಬೇಕೆಂದರು. ಬೆರಳಿಗೆ ಸುಲಭಕ್ಕೆ ಸಿಗದ ಮೂಲೆಯಲ್ಲಿ ಅದನ್ನು ಇಟ್ಟೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಆಟ ಹೊರಬಂತು. ಬರೆದವರೆಲ್ಲ ಎರಡನ್ನೂ ಪಕ್ಕಪಕ್ಕ ಇಟ್ಟೇ ಬರೆದರು. ಮೊದಲನೆಯದರ ಬಿಗಿ ಇದರಲ್ಲಿಲ್ಲ ಎಂದವರು ಹಲವರು. ಅದು ನಿಜ. ನಾಲ್ಕು ಬಣ್ಣದಲ್ಲಿ, ಬೇರೇನೂ ಗೊತ್ತಿಲ್ಲದೆ ಮಾಡಿದ ಆಟದ ಬಿಗಿಯನ್ನು ಗೊತ್ತಿದ್ದೂ ಮಾಡಿದ ಆಟದಲ್ಲಿ ತರಲು ನನ್ನಿಂದಾಗಲಿಲ್ಲ. ಎರಡನೆಯದೇ ಇಷ್ಟವಾಯಿತೆಂದವರೂ ಇದ್ದರು. ಬಸ್ಸನ್ನು ಬೈದವರು ಇದ್ದರು. ಬಸ್ಸಿನ ಬಗ್ಗೆ ಮಾತ್ರ ಬರೆದು ಬೇರೇನನ್ನೂ ಬರೆಯದವರು ಇಬ್ಬರಿದ್ದರು. ಮಣಿಪಾಲದ ಕೋಣೆ ನಮ್ಮಲ್ಲೇ ಉಳಿಯಿತು.

ಒಂದು ಭಾನುವಾರ ಮಧ್ಯಾಹ್ನ ಮೇಸ್ತ್ರಿಯನ್ನು ಫೋನು ಮಾಡಿ ಕರೆದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಂಡತಿಯ ಜೊತೆ ಬಂದರು. ಆಕೆ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕುಳಿತರು. ಜೊತೆಗಾತಿ ಚಹಾ ತಂದಳು. ಮೇಸ್ತ್ರಿ ಆಡಿದರು. ಪ್ರತಿ ಕೋಣೆಗೂ ಕಾಲಿಟ್ಟು ನಿಂತರು, ನೋಡಿದರು, ಆಮೇಲೆ ಹೊರಟರು. ಕಾಪು ದಾಟಿದರು, ಶಿರ್ವ ದಾಟಿದರು. ಎರಡು ಸಲ ಬಿದ್ದರು. ಬಿದ್ದಾಗ, “ನಂದ ತಪ್ಪ,” ಎಂದರು. ತಪ್ಪು ಆಟದ್ದಲ್ಲ, ತನ್ನದು ಎಂದು ಆಡುವವರ ಬಾಯಲ್ಲಿ ಕೇಳಲು ನಾನು ಒಂದು ವರ್ಷ ಕಾದಿದ್ದೆ.

ಬೆಳ್ಮಣಿನಲ್ಲಿ ದೀಪದವಳು ಬಸ್ಸು ಹತ್ತಿದಳು. ಕಿಟಕಿಯ ಹತ್ತಿರ ಕುಳಿತು ದೀಪವನ್ನು ತೊಡೆಯ ಮೇಲಿಟ್ಟುಕೊಂಡಳು. ಬಸ್ಸು ಹೊರಟಿತು, ನೆಲ ಓಡತೊಡಗಿತು. ಮೇಸ್ತ್ರಿ ಒಂದು ಗುಂಡಿ ಒತ್ತಿದರು, ಇನ್ನೊಂದು ಒತ್ತಿದರು.

“ಈಗೇನ್ ಮಾಡಬೇಕ್ರಿ?”

“ಎಂತದೂ ಮಾಡುವುದು ಬೇಡ,” ಎಂದಳು ಜೊತೆಗಾತಿ.

ಅವರು ಒಂದು ಗಳಿಗೆ ನೋಡಿ ನಕ್ಕುಬಿಟ್ಟರು. ಎದ್ದು ಹೋಗಿ ಕಂಟ್ರೋಲರನ್ನು ಹೆಂಡತಿಗೆ ಚಾಚಿದರು. “ತಗೋ, ನೀ ಹಿಡಿ.”

“ನಂಗೆಲ್ಲಿ ಬರತೈತಿ. ನಾ ಒಲ್ಲೆ.”

“ಬರೂದೇನಿಲ್ಲ ಇದ್ರಾಗ. ಬೀಳೂ ಅಂಜಿಕೀನೂ ಇಲ್ಲ. ಹಿಡಿ.”

ಆಕೆ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಮೊದಲು ಬೆರಳುಗಳನ್ನು ಎಲ್ಲಿಡುವುದೆಂದು ತಿಳಿಯದೆ ಗಂಡನ ಮುಖ ನೋಡಿದರು. ಆಮೇಲೆ ಸ್ಕ್ರೀನಿನ ಕಡೆ ತಿರುಗಿದರು. ದರೆಯ ಕೆಂಪು ಹೋಯಿತು, ಶಾಲೆಯ ಅಂಗಳ ಹೋಯಿತು, ನೀರು ನಿಂತ ಗದ್ದೆಯಲ್ಲಿ ಮೋಡ ಬಹಳ ಹೊತ್ತು ಜೊತೆಗೆ ಬಂದು ಉಳಿದುಹೋಯಿತು. ಆಕೆ ಕುರ್ಚಿಯ ತುದಿಯಿಂದ ಮೆಲ್ಲಗೆ ಹಿಂದೆ ಸರಿದು ಬೆನ್ನು ಆನಿಸಿದರು. ಜೊತೆಗಾತಿ ಸ್ಕ್ರೀನನ್ನು ನೋಡುತ್ತಿರಲಿಲ್ಲ. ಆಕೆಯ ಮುಖವನ್ನು ನೋಡುತ್ತಿದ್ದಳು.

ಗುಡ್ಡ ಕಾಣಿಸಿತು. ಬಸ್ಸು ನಿಧಾನವಾಗಿ ಅದರ ಬುಡದಲ್ಲಿ ನಿಂತಿತು. ಅಲ್ಲಿ ಯಾರಾದರೂ ಒಂದು ಗುಂಡಿ ಒತ್ತಿದರೆ ದೀಪದವಳು ಇಳಿಯುತ್ತಾಳೆ. ಒತ್ತುವ ತನಕ ಬಸ್ಸು ನಿಂತೇ ಇರುತ್ತದೆ.

“ಇಲ್ಲೆ ಇಳೀಬೇಕೇನ್ರಿ?” ಎಂದು ಆಕೆ ಸ್ಕ್ರೀನಿನಿಂದ ಕಣ್ಣು ಕೀಳದೆ ಕೇಳಿದರು.

“ನಿಮಗೆ ಬೇಕಾದಾಗ ಇಳಿಯಿರಿ ಅಕ್ಕ,” ಎಂದಳು ಜೊತೆಗಾತಿ.

ಆಕೆ ಒತ್ತಲಿಲ್ಲ. ನಾವು ನಾಲ್ವರೂ ಆ ನಿಂತ ಬಸ್ಸನ್ನು ನೋಡುತ್ತ ಕುಳಿತೆವು.